ತೆರಿಗೆ ಜಮೆ ವಂಚನೆಯ ಆರೋಪಿಗೆ ಜಾಮೀನು: ಆಳಂದ ಕಡೆಯ ಹುಡುಗನೊಬ್ಬನ ಪ್ರಕರಣದಿಂದ ಎದ್ದ ಪ್ರಶ್ನೆಗಳು

ಕಪನೂರಿನ ಲೆಕ್ಕಿಗ (ಮೊದಲ ದಿನ, ರಾತ್ರಿ)

ಎಲ್ಲರಿಗೂ ಶರಣು. ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಕೆಲವು ಸಣ್ಣ ಘಟಕಗಳಿಗೆ ಲೆಕ್ಕ ಬರೆದುಕೊಡುವುದು ನನ್ನ ಕಸುಬು. ವ್ಯಾಟ್ ಕಾಲವನ್ನೂ ಕಂಡವನು, 2017ರ ಜುಲೈ 1ರಿಂದ ಜಿಎಸ್‌ಟಿ ಕಾಲವನ್ನೂ ಕಾಣುತ್ತಿರುವವನು. ಬೋಗಸ್ ಬಿಲ್ಲಿನ ಸುದ್ದಿ ನನಗೆ ಹೊಸದಲ್ಲ. ಈ ಸಲ ಅದು ನಮ್ಮ ಮನೆಯೊಳಗೇ ಬಂದಿದೆ.

ನನ್ನ ಸೋದರತ್ತೆಯ ಮೊಮ್ಮಗ ಆಳಂದ ತಾಲ್ಲೂಕಿನ ಹಳ್ಳಿಯವನು, ವಯಸ್ಸು 24, ಕಲಬುರಗಿಯಲ್ಲಿ ಸಾಲದ ಮೇಲೆ ಕೊಂಡ ಗೂಡ್ಸ್ ಆಟೋ ಓಡಿಸುತ್ತಾನೆ. ಎರಡು ವರ್ಷದ ಹಿಂದೆ ಪರಿಚಯದವನೊಬ್ಬ ಕಡಿಮೆ ಬಡ್ಡಿಗೆ ಸಾಲ ಮಾಡಿಸಿಕೊಡುವುದಾಗಿ ಹೇಳಿ ಇವನ ಆಧಾರ್, ಪ್ಯಾನ್, ಭಾವಚಿತ್ರ ಮತ್ತು ಬಾಡಿಗೆ ಕೋಣೆಯ ವಿದ್ಯುತ್ ಬಿಲ್ಲನ್ನು ಪಡೆದುಕೊಂಡ, ಮೂರು ಬಾರಿ ಓಟಿಪಿ ಕೇಳಿದ, ಹದಿನೈದು ಸಾವಿರ ರೂಪಾಯಿ ಕೈಗಿಟ್ಟ. ಸಾಲ ಬರಲಿಲ್ಲ. ಬಂದದ್ದು, ಇವನ ಹೆಸರಿನಲ್ಲಿ ಗುಜರಿ ಕಬ್ಬಿಣದ ವ್ಯಾಪಾರವೊಂದು ಸುಮಾರು 40 ಕೋಟಿ ರೂಪಾಯಿಯ ಬಿಲ್ಲುಗಳನ್ನು ಹರಿದಿದೆ ಎಂಬ ಸಮನ್ಸ್. ಶೇ. 18ರಂತೆ ಲೆಕ್ಕ ಹಾಕಿದರೆ 7 ಕೋಟಿ 20 ಲಕ್ಷದಷ್ಟು ತೆರಿಗೆ ಜಮೆಯನ್ನು, ಅಂದರೆ ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳಲು ಸಿಗುವ, ನಾವು ದಿನವೂ ಐಟಿಸಿ ಎಂದು ಕರೆಯುವುದನ್ನು, ಒಂದು ಕಿಲೋ ಸರಕೂ ಚಲಿಸದೆ ಬೇರೆಯವರ ಖಾತೆಗೆ ದಾಟಿಸಿದ ಆರೋಪ ಇವನ ಮೇಲಿದೆ. ವಿಚಾರಣೆಗೆಂದು ಬೆಂಗಳೂರಿಗೆ ಕರೆಸಿಕೊಂಡು ಅಲ್ಲಿಯೇ ಬಂಧಿಸಿದರು. ನ್ಯಾಯಾಂಗ ಬಂಧನಕ್ಕೆ ಇಂದಿಗೆ 22 ದಿನ. ತನಿಖೆ ನಡೆಯುತ್ತಿದೆ, ಇದು ಆರ್ಥಿಕ ಅಪರಾಧ ಎಂಬ ಕಾರಣ ಕೊಟ್ಟು ಕೆಳಗಿನ ನ್ಯಾಯಾಲಯ ಜಾಮೀನು ನಿರಾಕರಿಸಿದೆ.

ಹುಡುಗ ಏನೂ ಅರಿಯದವನು ಎಂದು ನಾನು ವಾದಿಸುವುದಿಲ್ಲ. ಓಟಿಪಿ ಹೇಳಿದವನೂ ಅವನೇ, ಹದಿನೈದು ಸಾವಿರ ತೆಗೆದುಕೊಂಡವನೂ ಅವನೇ. ಆದರೆ ಆ ಏಳು ಕೋಟಿಯಲ್ಲಿ ಒಂದು ಪೈಸೆಯನ್ನೂ ಅವನು ನೋಡಿಲ್ಲ, ಜಮೆಯನ್ನು ಉಂಡವರು ಇಂದಿಗೂ ಹೊರಗೇ ಇದ್ದಾರೆ. ಇಂಥ ಪ್ರಕರಣದಲ್ಲಿ ಜಾಮೀನಿನ ನಿಯಮ ನಿಜಕ್ಕೂ ಏನು, ಮುಂದಿನ ದಾರಿ ಯಾವುದು ಎಂದು ತಿಳಿದವರು ದಯವಿಟ್ಟು ಬರೆಯಬೇಕು.

ಗಂಜಿನ ಕಬ್ಬಿಣದಂಗಡಿ (ಮೊದಲ ದಿನ, ರಾತ್ರಿ)

ಮುನೀಮರೇ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಈ ವಿಷಯದಲ್ಲಿ ನನ್ನಿಂದ ಕನಿಕರ ನಿರೀಕ್ಷಿಸಬೇಡಿ. ನಾನು ಸರಳು, ಸಿಮೆಂಟು ಮಾರುವವನು. ಮೂರು ವರ್ಷದ ಹಿಂದೆ ಸರಕನ್ನು ಕಣ್ಣಾರೆ ಇಳಿಸಿಕೊಂಡು, ತೂಕದ ಚೀಟಿ ಇಟ್ಟುಕೊಂಡು, ಬ್ಯಾಂಕಿನ ಮೂಲಕವೇ ಹಣ ಪಾವತಿಸಿ ಖರೀದಿಸಿದ ಮಾಲಿಗೆ, ಮಾರಿದವನ ನೋಂದಣಿ ಬೋಗಸ್ ಎಂದು ಆಮೇಲೆ ಗೊತ್ತಾಯಿತು. 86ಎ ನಿಯಮದಡಿ ನನ್ನ ಖಾತೆಯಲ್ಲಿದ್ದ ಜಮೆಯನ್ನು ತಡೆಹಿಡಿದರು. ಮಾರಿದವನು ಸರ್ಕಾರಕ್ಕೆ ತೆರಿಗೆ ಕಟ್ಟಿರದಿದ್ದರೆ ಕೊಂಡವನಿಗೆ ಜಮೆ ಇಲ್ಲ ಎಂದು 16(2)ನೇ ಕಲಮು ಹೇಳುತ್ತದೆಯಂತೆ. ಒಮ್ಮೆ ಅವನಿಗೆ ಕೊಟ್ಟ ತೆರಿಗೆಯನ್ನು ನಾನು ಮತ್ತೊಮ್ಮೆ ಕಟ್ಟಿದೆ, ಮೇಲೆ ಶೇ. 18ರ ಬಡ್ಡಿ ಬೇರೆ.

ಆ ಬಿಲ್ಲು ಹರಿದವನ ಹೆಸರೂ ಯಾವನೋ ಒಬ್ಬ ಕೂಲಿಕಾರನದೇ ಆಗಿತ್ತು. ಅಂಥವರಿಗೆ ಜಾಮೀನು ಸುಲಭವಾಗಿ ಸಿಗುತ್ತದೆ ಎಂದಾದರೆ ನಾಳೆ ಪ್ರತಿ ಓಣಿಯಲ್ಲೂ ಹದಿನೈದು ಸಾವಿರಕ್ಕೆ ಆಧಾರ್ ಕೊಡುವವರು ಸಾಲುಗಟ್ಟಿ ನಿಲ್ಲುತ್ತಾರೆ.

ಕರಿಕೋಟು (ಎರಡನೆಯ ದಿನ, ಬೆಳಿಗ್ಗೆ)

ನಾನು ಕಲಬುರಗಿ ಹೈಕೋರ್ಟ್ ಪೀಠದಲ್ಲಿ ವಕೀಲಿ ಮಾಡುವವನು. ಸಾಹುಕಾರರ ಕೋಪಕ್ಕೆ ಆಮೇಲೆ ಬರುತ್ತೇನೆ.

ಕೇಂದ್ರ ಜಿಎಸ್‌ಟಿ ಕಾಯ್ದೆಯ 132ನೇ ಕಲಮು ಅಪರಾಧಗಳನ್ನು ಪಟ್ಟಿ ಮಾಡುತ್ತದೆ. ಅದರಲ್ಲಿ (ಬಿ) ಉಪಕಲಮು ಸರಕು ಪೂರೈಸದೆ ಬಿಲ್ಲು ಕೊಡುವುದಕ್ಕೆ, (ಸಿ) ಉಪಕಲಮು ಅಂಥ ಬಿಲ್ಲಿನ ಮೇಲೆ ಜಮೆ ಪಡೆಯುವುದಕ್ಕೆ ಸಂಬಂಧಿಸಿದೆ. ಶಿಕ್ಷೆ ಮೊತ್ತವನ್ನು ಅವಲಂಬಿಸಿದೆ. ತೆರಿಗೆ ಅಥವಾ ಜಮೆಯ ಮೊತ್ತ 5 ಕೋಟಿ ಮೀರಿದರೆ ಗರಿಷ್ಠ 5 ವರ್ಷ, 2ರಿಂದ 5 ಕೋಟಿಯವರೆಗೆ ಗರಿಷ್ಠ 3 ವರ್ಷ, ಬಿಲ್ಲು ಮಾತ್ರ ಕೊಟ್ಟ ಪ್ರಕರಣಗಳಲ್ಲಿ 1ರಿಂದ 2 ಕೋಟಿಯವರೆಗೆ ಗರಿಷ್ಠ 1 ವರ್ಷ. ಜಾಮೀನಿನ ಪ್ರಶ್ನೆಗೆ ಮುಖ್ಯವಾದದ್ದು ಇದೇ ಕಲಮಿನ 4 ಮತ್ತು 5ನೇ ಉಪಕಲಮುಗಳು. 5 ಕೋಟಿ ಮೀರಿದ, (ಎ)ಯಿಂದ (ಡಿ)ವರೆಗಿನ ಅಪರಾಧಗಳಿಗೆ ಮಾತ್ರ ಜಾಮೀನು ಹಕ್ಕಾಗಿ ಸಿಗುವುದಿಲ್ಲ, ಉಳಿದವೆಲ್ಲ ಜಾಮೀನೀಯ. ಜಾಮೀನುರಹಿತ ಎಂಬ ಪದವನ್ನು ನಮ್ಮ ಕಡೆ ಜಾಮೀನೇ ಇಲ್ಲ ಎಂದು ತಿಳಿಯುವವರು ಬಹಳ. ಅದರ ಅರ್ಥ ಇಷ್ಟೇ: ತೀರ್ಮಾನ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ 45ನೇ ಕಲಮಿನಲ್ಲಿ ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಆಧಾರವಿದ್ದರೆ ಮಾತ್ರ ಜಾಮೀನು ಎಂಬ ಬಿಗಿ ಷರತ್ತು ಇದೆಯಲ್ಲ, ಅಂಥದ್ದು ಜಿಎಸ್‌ಟಿ ಕಾಯ್ದೆಯಲ್ಲಿ ಇಲ್ಲವೇ ಇಲ್ಲ.

ಬಂಧನದ ಅಧಿಕಾರ 69ನೇ ಕಲಮಿನದು. ಆಯುಕ್ತರಿಗೆ ನಂಬಲು ಕಾರಣಗಳಿರಬೇಕು ಮತ್ತು ಆ ಕಾರಣಗಳು ಕಡತದಲ್ಲಿ ದಾಖಲಾಗಿರಬೇಕು. 2025ರ ಫೆಬ್ರವರಿ 27ರಂದು ರಾಧಿಕಾ ಅಗರ್ವಾಲ್ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಸಂಜೀವ್ ಖನ್ನಾ ಅವರಿದ್ದ ಮೂವರು ನ್ಯಾಯಮೂರ್ತಿಗಳ ಪೀಠ ಈ ಅಧಿಕಾರವನ್ನು ಎತ್ತಿಹಿಡಿಯಿತು. ಜೊತೆಯಲ್ಲೇ ಬಂಧನದ ಬೆದರಿಕೆ ಒಡ್ಡಿ ತೆರಿಗೆ ಕಟ್ಟಿಸಿಕೊಳ್ಳುವಂತಿಲ್ಲವೆಂದೂ, ಎಫ್‌ಐಆರ್ ಇರದಿದ್ದರೂ ನಿರೀಕ್ಷಣಾ ಜಾಮೀನು ಕೇಳಬಹುದೆಂದೂ ಹೇಳಿತು. ಅದಕ್ಕೆ ಮೊದಲು ಸುಪ್ರೀಂ ಕೋರ್ಟಿನದೇ ಬೇರೆ ಪೀಠಗಳ ಆದೇಶಗಳು ಇಂಥ ಪ್ರಕರಣದಲ್ಲಿ ನಿರೀಕ್ಷಣಾ ಜಾಮೀನಿಗೆ ಅವಕಾಶವಿಲ್ಲ ಎಂದಿದ್ದವು. ನಿಮ್ಮ ಹುಡುಗನಿಗೆ ಸಮನ್ಸ್ ಬಂದ ದಿನವೇ ಯಾರಾದರೂ ಈ ಮಾತು ಹೇಳಿದ್ದರೆ ಅವನು ಸೆಷನ್ಸ್ ನ್ಯಾಯಾಲಯದ ಬಾಗಿಲು ತಟ್ಟಿಕೊಂಡೇ ರೈಲು ಹತ್ತಬಹುದಿತ್ತು.

ಶಹಾಬಾದ್ ಕಲ್ಲು (ಎರಡನೆಯ ದಿನ, ಮಧ್ಯಾಹ್ನ)

ಒಂದು ಸಣ್ಣ ಪ್ರಶ್ನೆ. 5 ಕೋಟಿ ಎಂದರೆ ಬಿಲ್ಲಿನ ಮೊತ್ತವೋ, ತೆರಿಗೆಯ ಮೊತ್ತವೋ? ನಮ್ಮ ಫರಶಿ ಕಲ್ಲಿನ ವ್ಯಾಪಾರಿಗಳಲ್ಲಿ ವರ್ಷಕ್ಕೆ ಐದು ಕೋಟಿ ವಹಿವಾಟು ಮಾಡುವವರು ಇದ್ದಾರೆ. ಈ ಸುದ್ದಿ ಕೇಳಿದಾಗಲೆಲ್ಲ ಅವರಿಗೆ ನಿದ್ದೆ ಬರುವುದಿಲ್ಲ.

ಕಪನೂರಿನ ಲೆಕ್ಕಿಗ (ಎರಡನೆಯ ದಿನ, ಮಧ್ಯಾಹ್ನ)

ತೆರಿಗೆಯ ಮೊತ್ತ. ಶೇ. 18ರ ಸರಕಾದರೆ ತೆರಿಗೆ ಬಿಟ್ಟು ಬಿಲ್ಲಿನ ಒಟ್ಟು ಬೆಲೆ ಸುಮಾರು 27 ಕೋಟಿ 78 ಲಕ್ಷ ದಾಟಿದಾಗ ಮಾತ್ರ ತೆರಿಗೆ 5 ಕೋಟಿ ದಾಟುತ್ತದೆ. ಐದು ಕೋಟಿ ವಹಿವಾಟಿನವರು ನಿಶ್ಚಿಂತೆಯಿಂದ ಮಲಗಲಿ, ಬಿಲ್ಲು ನಿಜವಾಗಿದ್ದರೆ.

ಬೀದರಿನ ನಿವೃತ್ತ (ಎರಡನೆಯ ದಿನ, ಸಂಜೆ)

ತೆರಿಗೆ ಇಲಾಖೆಯಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತನಾದವನು ನಾನು. ಇಲಾಖೆಯ ಕಡೆಯ ಮಾತನ್ನೂ ಯಾರಾದರೂ ಆಡಬೇಕಷ್ಟೆ.

ನಮ್ಮ ಭಾಗದಲ್ಲಿ ಬೋಗಸ್ ಬಿಲ್ಲು ಎಲ್ಲಿ ಹುಟ್ಟುತ್ತದೆ ಎಂಬುದನ್ನು ಮೊದಲು ನೋಡಿ. ಕಲಬುರಗಿ ತೊಗರಿಯ ಊರು, ಆದರೆ ಬಿಡಿಯಾಗಿ ಮಾರುವ ಬೇಳೆಕಾಳಿಗೆ ತೆರಿಗೆಯೇ ಇಲ್ಲ. 25 ಕಿಲೋವರೆಗಿನ ಚೀಟಿ ಹಚ್ಚಿದ ಪೊಟ್ಟಣಗಳಿಗೆ 2022ರ ಜುಲೈನಿಂದ ಬಂದದ್ದೂ ಶೇ. 5 ಮಾತ್ರ. ಬೇಳೆ ಗಿರಣಿಯ ವ್ಯವಹಾರದಲ್ಲಿ ಕದಿಯುವಷ್ಟು ಜಮೆ ಇರುವುದಿಲ್ಲ. ಜಮೆ ಇರುವುದು ಗುಜರಿ, ಸರಳು, ಸಿಮೆಂಟು, ಗುತ್ತಿಗೆ ಕಾಮಗಾರಿಗಳಲ್ಲಿ. ಗುಜರಿಯನ್ನು ಮನೆಮನೆಯಿಂದ ಆಯ್ದು ತರುವವನ ಬಳಿ ಬಿಲ್ಲಿರುವುದಿಲ್ಲ, ಕರಗಿಸುವ ಕಾರ್ಖಾನೆಗೆ ಬಿಲ್ಲು ಬೇಕು. ಈ ನಡುವಿನ ಕಂದಕದಲ್ಲಿ ಬಿಲ್ಲು ಮಾರುವವನು ಅಂಗಡಿ ತೆರೆಯುತ್ತಾನೆ. ಒಂದು ಬೋಗಸ್ ಸಂಸ್ಥೆ ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ ಬಿಲ್ಲು ಕೊಡುತ್ತ ಹೋಗುತ್ತದೆ. ಬ್ಯಾಂಕಿನ ಮೂಲಕ ಹೋದ ಹಣ ದಲ್ಲಾಳಿಯ ಕಮಿಷನ್ ಮುರಿದುಕೊಂಡು ನಗದಾಗಿ ಹಿಂದಿರುಗುತ್ತದೆ. ಅಧಿಕಾರಿ ನೋಂದಣಿಯ ವಿಳಾಸಕ್ಕೆ ಹೋದರೆ ಅಲ್ಲಿ ಬೀಗ ಹಾಕಿದ ತಗಡಿನ ಶೆಡ್ಡು ಇರುತ್ತದೆ, ಇಲ್ಲವೇ ಯಾರದೋ ಅಡುಗೆ ಮನೆ.

ಇಂಥ ಜಾಲದಲ್ಲಿ ಎಲ್ಲವೂ ದಾಖಲೆಯ ಸಾಕ್ಷ್ಯ, ಪೋರ್ಟಲ್ಲಿನಲ್ಲೇ ಇದೆ, ಆರೋಪಿ ಹೊರಗಿದ್ದರೆ ಏನಾದೀತು ಎಂದು ವಕೀಲರು ವಾದಿಸುತ್ತಾರೆ. ಪೋರ್ಟಲ್ಲಿನಲ್ಲಿ ಇರುವುದು ಬಿಲ್ಲು ಮಾತ್ರ. ಬಿಲ್ಲನ್ನು ಯಾರು ಬರೆಸಿದರು, ನಗದು ಯಾರ ಕೈ ಸೇರಿತು ಎಂಬುದು ಮೊಬೈಲ್ ಸಂದೇಶಗಳಲ್ಲಿ ಮತ್ತು ಗುಮಾಸ್ತರ, ಚಾಲಕರ ಬಾಯಿಯಲ್ಲಿ ಇರುತ್ತದೆ. ಸೂತ್ರಧಾರ ಹೊರಗಿದ್ದ ಒಂದು ವಾರದಲ್ಲಿ ಮೊಬೈಲುಗಳು ಕೆರೆ ಸೇರಿದ್ದನ್ನೂ, ಸಾಕ್ಷಿಗಳು ಊರು ಬಿಟ್ಟದ್ದನ್ನೂ ನಾನು ಕಂಡಿದ್ದೇನೆ. ಬಂಧನ ಎನ್ನುವುದು ಇಲಾಖೆಯ ಚಪಲವಲ್ಲ. 2022ರ ಆಗಸ್ಟ್ 17ರ ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯ ಸೂಚನೆ ಯಾಂತ್ರಿಕವಾಗಿ ಬಂಧಿಸಕೂಡದು, ಸಾಕ್ಷ್ಯನಾಶದ ಸಂಭವವಿದೆಯೇ, ಆ ವ್ಯಕ್ತಿ ಸೂತ್ರಧಾರನೇ ಎಂಬುದನ್ನು ತೂಗಿ ನೋಡಬೇಕು ಎಂದು ಸ್ಪಷ್ಟವಾಗಿ ಹೇಳಿದೆ.

ಕರಿಕೋಟು (ಎರಡನೆಯ ದಿನ, ರಾತ್ರಿ)

ಸಾಹೇಬರೇ, ನೀವು ಹೇಳಿದ ಸೂಚನೆಯ ಅಳತೆಗೋಲನ್ನೇ ಈ ಹುಡುಗನಿಗೆ ಹಿಡಿಯೋಣ. ಸೂತ್ರಧಾರನೇ? ಅಲ್ಲ. ಸಾಕ್ಷ್ಯ ನಾಶಮಾಡುವ ಶಕ್ತಿ ಇದೆಯೇ? ಅವನ ಬಳಿ ಇದ್ದ ಏಕೈಕ ಸಾಕ್ಷ್ಯವಾದ ಮೊಬೈಲು ಈಗಾಗಲೇ ಇಲಾಖೆಯ ವಶದಲ್ಲಿದೆ. 2021ರ ಜನವರಿ 1ರಿಂದ 132ನೇ ಕಲಮಿಗೆ ಅಪರಾಧವನ್ನು ಮಾಡಿಸಿ ಅದರ ಲಾಭ ಉಳಿಸಿಕೊಂಡವನೂ ಅಪರಾಧಿ ಎಂಬ ಮಾತನ್ನು ಸೇರಿಸಿದರು. ಕಾಣದ ಕೈಯನ್ನು ಹಿಡಿಯಲೆಂದೇ ತಂದ ತಿದ್ದುಪಡಿ ಅದು. ಹೀಗಿದ್ದೂ ಮೊದಲು ಕೈಗೆ ಸಿಗುವವನು ನೋಂದಣಿಯಲ್ಲಿ ಭಾವಚಿತ್ರ ಇರುವವನೇ. ಅವನ ವಿಳಾಸ ಮಾತ್ರ ನಿಜವಾದದ್ದು.

ಈಗ ತೀರ್ಪುಗಳ ಮಾತು. 2013ರಲ್ಲಿ ಜಗನ್ ಮೋಹನ್ ರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆರ್ಥಿಕ ಅಪರಾಧಗಳದ್ದೇ ಪ್ರತ್ಯೇಕ ವರ್ಗ, ಜಾಮೀನಿನಲ್ಲಿ ಅವನ್ನು ಬೇರೆ ದೃಷ್ಟಿಯಿಂದ ನೋಡಬೇಕು ಎಂದಿತು. ಅಂದಿನಿಂದ ಇಂದಿನವರೆಗೆ ಜಾಮೀನು ನಿರಾಕರಿಸುವ ಆದೇಶಗಳಲ್ಲೆಲ್ಲ ಅದೇ ಸಾಲು. ಅದರ ಮುಂದಿನ ಕತೆಯನ್ನು ಬಹಳ ಮಂದಿ ಓದುವುದಿಲ್ಲ. 2019ರ ಡಿಸೆಂಬರಿನಲ್ಲಿ ಚಿದಂಬರಂ ಪ್ರಕರಣದಲ್ಲಿ, ಆರ್ಥಿಕ ಅಪರಾಧವಾದ ಮಾತ್ರಕ್ಕೆ ಜಾಮೀನು ನಿಯಮ, ನಿರಾಕರಣೆ ಅಪವಾದ ಎಂಬ ಮೂಲತತ್ವ ಬದಲಾಗುವುದಿಲ್ಲ ಎಂದು ಅದೇ ನ್ಯಾಯಾಲಯ ಹೇಳಿತು. 2022ರ ಜುಲೈ 11ರ ಸತೇಂದರ್ ಕುಮಾರ್ ಆಂಟಿಲ್ ತೀರ್ಪು ಎಲ್ಲ ಆರ್ಥಿಕ ಅಪರಾಧಗಳನ್ನೂ ಒಂದೇ ಗಂಟಿನಲ್ಲಿ ಕಟ್ಟಬಾರದು, ಶಿಕ್ಷೆಯ ಪ್ರಮಾಣವನ್ನೂ ಗಮನಿಸಬೇಕು ಎಂದಿತು. 2025ರ ಏಪ್ರಿಲ್‌ನಲ್ಲಂತೂ ನ್ಯಾಯಮೂರ್ತಿಗಳಾದ ಅಭಯ್ ಓಕಾ ಮತ್ತು ಉಜ್ಜಲ್ ಭುಯಾನ್ ಅವರ ಪೀಠ, ಇಂಥದ್ದೇ ಜಿಎಸ್‌ಟಿ ಪ್ರಕರಣವೊಂದರಲ್ಲಿ ಕೆಳಗಿನ ಎಲ್ಲ ಹಂತಗಳಲ್ಲೂ ಜಾಮೀನು ನಿರಾಕರಿಸಿದ್ದು ಆಶ್ಚರ್ಯ ತಂದಿದೆ ಎಂದು ಬರೆಯಿತು. ಗರಿಷ್ಠ ಶಿಕ್ಷೆ 5 ವರ್ಷ, ವಿಚಾರಣೆ ಮ್ಯಾಜಿಸ್ಟ್ರೇಟ್ ಮುಂದೆ, ಸಾಕ್ಷ್ಯವೆಲ್ಲ ಬಹುಪಾಲು ದಾಖಲೆಗಳು. ಅಸಾಮಾನ್ಯ ಕಾರಣವಿಲ್ಲದಿದ್ದರೆ ಇಲ್ಲಿ ಜಾಮೀನು ಸಿಗಬೇಕಾದದ್ದು ಸಹಜ.

ಆದರೂ ಕೆಳಗಿನ ನ್ಯಾಯಾಲಯಗಳು ಏಕೆ ಹಿಂಜರಿಯುತ್ತವೆ? ನನ್ನ ಅನಿಸಿಕೆಯಲ್ಲಿ ಇದಕ್ಕೆ ಕಾನೂನಿಗಿಂತ ಅಂಕಿಯ ಭಯವೇ ಕಾರಣ. ಏಳು ಕೋಟಿ ಎಂಬ ಅಂಕಿಯನ್ನು ಓದಿದ ಮೇಲೆ ಎದುರಿಗೆ ನಿಂತ ಆಟೋ ಚಾಲಕ ಕಾಣುವುದಿಲ್ಲ.

ಗಂಜಿನ ಕಬ್ಬಿಣದಂಗಡಿ (ಮೂರನೆಯ ದಿನ, ಬೆಳಿಗ್ಗೆ)

ವಕೀಲ ಸಾಹೇಬರು ಹೇಳಿದ್ದನ್ನು ಒಪ್ಪುತ್ತೇನೆ ಎಂದಿಟ್ಟುಕೊಳ್ಳಿ. ಹಾಗಾದರೆ ಹಣ ಕಟ್ಟಿ ಹೊರಗೆ ಹೋಗು ಎಂದು ಹೇಳಲು ಏನು ಅಡ್ಡಿ? ಏಳು ಕೋಟಿಯಲ್ಲಿ ಕಾಲುಭಾಗವನ್ನಾದರೂ ಸರ್ಕಾರಕ್ಕೆ ಕಟ್ಟಲಿ, ಆಮೇಲೆ ಜಮಾನತ್ ಆಗಲಿ. ನಾನು ಮಾಡದ ತಪ್ಪಿಗೆ ಒಂದು ದಿನವೂ ಜೈಲು ನೋಡದೆ ಪೂರ್ತಿ ಕಟ್ಟಿಲ್ಲವೇ?

ಕರಿಕೋಟು (ಮೂರನೆಯ ದಿನ, ಬೆಳಿಗ್ಗೆ)

ನಿಮ್ಮ ಕೋಪಕ್ಕೆ ನ್ಯಾಯವಿದೆ. ಸರಕು ಪಡೆದು ಹಣ ಕೊಟ್ಟ ಖರೀದಿದಾರನ ಮೇಲೆಯೇ ಪೂರ್ತಿ ಹೊರೆ ಹೊರಿಸುವ 16(2)ನೇ ಕಲಮಿನ ಬಗ್ಗೆ ಬೇರೆಯೇ ಚರ್ಚೆ ಆಗಬೇಕು. ಆದರೆ ಜಾಮೀನನ್ನು ವಸೂಲಿಯ ಸಾಧನ ಮಾಡಲಾಗದು. ಬಾಕಿ ಎಷ್ಟು ಎಂಬುದು ನೋಟಿಸು, ಉತ್ತರ, ಆದೇಶ, ಮೇಲ್ಮನವಿ ಇವೆಲ್ಲ ಮುಗಿದ ಮೇಲೆ ನಿರ್ಧಾರವಾಗುವ ವಿಷಯ. ಅದು ನಿರ್ಧಾರವಾಗುವ ಮೊದಲೇ ಜಾಮೀನಿಗೆ ಠೇವಣಿಯ ಷರತ್ತು ಹಾಕಿದ್ದನ್ನು 2023ರಲ್ಲಿ ಜಿಎಸ್‌ಟಿ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ತೆಗೆದುಹಾಕಿದೆ. ಅದೇ ವರ್ಷ ಮತ್ತೊಂದು ಪ್ರಕರಣದಲ್ಲಿ ಜಾಮೀನಿನ ವಿಚಾರಣೆ ಹಣ ವಸೂಲಿಯ ನಡಾವಳಿಯಲ್ಲ ಎಂದೂ ಹೇಳಿದೆ.

ಠೇವಣಿ ಕಟ್ಟಿದರೆ ಜಾಮೀನು ಎಂಬ ನಿಯಮ ಬಂದರೆ ಅದರಿಂದ ಲಾಭ ಯಾರಿಗೆ ಎಂದು ಒಂದು ಕ್ಷಣ ಯೋಚಿಸಿ, ಸಾಹುಕಾರರೇ. ಏಳು ಕೋಟಿ ಉಂಡವನು ಎರಡು ಕೋಟಿ ಕಟ್ಟಿ ಸಂಜೆಯೊಳಗೆ ಮನೆಗೆ ಹೋಗುತ್ತಾನೆ. ಹದಿನೈದು ಸಾವಿರ ಪಡೆದವನು ಒಳಗೇ ಉಳಿಯುತ್ತಾನೆ.

ಯಾದಗಿರಿ ವಕೀಲೆ (ಮೂರನೆಯ ದಿನ, ಸಂಜೆ)

ಕಾನೂನು ನೆರವಿನ ಪ್ರಕರಣಗಳನ್ನು ನೋಡುವವಳಾಗಿ ನಾನು ಮತ್ತೊಂದು ಮಗ್ಗುಲನ್ನು ಹೇಳಬೇಕು. ಮೇಲಿನ ಚರ್ಚೆಯೆಲ್ಲ ಜಾಮೀನು ಆದೇಶದವರೆಗೆ ಬಂದು ನಿಂತಿದೆ. ನಮ್ಮ ಕಡೆಯ ಬಡವರಿಗೆ ತೊಂದರೆ ಶುರುವಾಗುವುದು ಆದೇಶ ಆದ ನಂತರ.

ಆದೇಶದಲ್ಲಿ ಸಾಮಾನ್ಯವಾಗಿ ಇಂತಿಷ್ಟು ಲಕ್ಷದ ಸ್ವಂತ ಮುಚ್ಚಳಿಕೆ ಮತ್ತು ಅಷ್ಟೇ ಮೊತ್ತಕ್ಕೆ ಇಬ್ಬರು ಜಾಮೀನುದಾರರು ಎಂದು ಬರೆದಿರುತ್ತದೆ. ಜಾಮೀನುದಾರ ಪಹಣಿ, ಆಧಾರ್, ಭಾವಚಿತ್ರ ಹಿಡಿದುಕೊಂಡು ನ್ಯಾಯಾಲಯದ ಮುಂದೆ ನಿಲ್ಲಬೇಕು. ಲೆಕ್ಕಿಗ ಅಣ್ಣನವರು ಆಳಂದ ಕಡೆಯ ಕುಟುಂಬ ಎಂದಿದ್ದಾರೆ. ಅಲ್ಲಿ ಎರಡೋ ಮೂರೋ ಎಕರೆ ಎರಿ ಹೊಲ ಇದ್ದೇ ಇರುತ್ತದೆ, ಆದರೆ ಪಹಣಿಯಲ್ಲಿ ಹೆಸರು ಯಾರದು ಎಂದು ಇವತ್ತೇ ತೆಗೆಸಿ ನೋಡಲಿ. ನಾನು ನೋಡಿದ ಪ್ರಕರಣಗಳಲ್ಲಿ ಬಹಳಷ್ಟು ಸಲ ಅದು ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇರುತ್ತದೆ. ಪೌತಿ ಖಾತೆ ಮಾಡಿಸಿರುವುದಿಲ್ಲ, ಅಣ್ಣತಮ್ಮಂದಿರ ನಡುವೆ ಪಾಲು ಆಗಿರುವುದಿಲ್ಲ. ಸತ್ತವರ ಹೆಸರಿನ ಪಹಣಿಯ ಮೇಲೆ ಜಾಮೀನು ನಿಲ್ಲಲು ಯಾರಿಂದಲೂ ಆಗುವುದಿಲ್ಲ. ಪೌತಿ ಖಾತೆಗೆ ಅರ್ಜಿ ಹಾಕಿದರೆ ಅದು ಮುಗಿಯುವ ಹೊತ್ತಿಗೆ ಹುಡುಗ ಇನ್ನೊಂದು ತಿಂಗಳು ಒಳಗಿರುತ್ತಾನೆ.

ಪ್ರಕರಣ ಬೆಂಗಳೂರಿನದಾದರೆ ಮತ್ತೊಂದು ಅಡ್ಡಿ. ಸ್ಥಳೀಯ ಜಾಮೀನುದಾರರನ್ನೇ ತನ್ನಿ ಎನ್ನುವವರು ಇದ್ದಾರೆ. ಆಳಂದದ ಹುಡುಗನಿಗೆ ಬೆಂಗಳೂರಿನಲ್ಲಿ ಯಾರಿದ್ದಾರೆ? ಹಣ ಪಡೆದು ಜಾಮೀನು ನಿಲ್ಲುವ ದಲ್ಲಾಳಿಗಳಿದ್ದಾರೆ. ಅವರ ಹತ್ತಿರ ಹೋದರೆ ನಕಲಿ ದಾಖಲೆಯ ಹೊಸ ಪ್ರಕರಣವೊಂದು ತಲೆಯ ಮೇಲೆ ಬೀಳುತ್ತದೆ. ದಯವಿಟ್ಟು ಆ ದಾರಿ ಹಿಡಿಯಬೇಡಿ.

ಇದಕ್ಕೆ ಸುಪ್ರೀಂ ಕೋರ್ಟ್ 2023ರ ಜನವರಿ 31ರಂದು ಕೊಟ್ಟ ನಿರ್ದೇಶನಗಳು ಬಹಳ ಉಪಯುಕ್ತ. ಜಾಮೀನು ಆದೇಶದ ಪ್ರತಿಯನ್ನು ಅದೇ ದಿನ ಅಥವಾ ಮರುದಿನ ಇ-ಮೇಲ್ ಮೂಲಕ ಜೈಲಿನ ಅಧೀಕ್ಷಕರಿಗೆ ಕಳಿಸಬೇಕು. ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಮುಚ್ಚಳಿಕೆ ಕೊಡಲಾಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತನ್ನು ಸಡಿಲಿಸುವುದನ್ನು ಪರಿಶೀಲಿಸಬಹುದು. ಬಿಡುಗಡೆ ತಡವಾಗಲು ಸ್ಥಳೀಯ ಜಾಮೀನುದಾರರ ಒತ್ತಾಯವೂ ಒಂದು ಕಾರಣ, ಅಂಥ ಷರತ್ತು ಹಾಕದಿರಬಹುದು ಎಂದೂ ಅದರಲ್ಲಿದೆ. ಅರ್ಜಿಯಲ್ಲಿಯೇ ಈ ನಿರ್ದೇಶನಗಳನ್ನು ಉಲ್ಲೇಖಿಸಿ, ಜಾಮೀನುದಾರರ ಬದಲು ನಗದು ಭದ್ರತೆಗೆ ಅವಕಾಶ ಕೊಡಿ ಎಂದು ಈಗಲೇ ಕೇಳಿಕೊಳ್ಳುವುದು ಒಳ್ಳೆಯದು. ಬಂಧನದಲ್ಲಿರುವವರು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಡಿ ಉಚಿತ ವಕೀಲರಿಗೂ ಅರ್ಹರು.

ಅವನಿಗೆ ಬಂಧನದ ಕಾರಣಗಳನ್ನು ಯಾವ ಭಾಷೆಯಲ್ಲಿ ಕೊಟ್ಟರು? ಅದನ್ನೂ ತಿಳಿಸಿ.

ಕಪನೂರಿನ ಲೆಕ್ಕಿಗ (ಮೂರನೆಯ ದಿನ, ರಾತ್ರಿ)

ತಾಯಿ, ನೀವು ಬರೆದದ್ದನ್ನು ಓದಿ ಪಹಣಿ ತೆಗೆಸಿದೆ. ನೀವು ಊಹಿಸಿದಂತೆಯೇ ಇದೆ. ಅಜ್ಜ ತೀರಿಕೊಂಡು ಹನ್ನೊಂದು ವರ್ಷವಾದರೂ ಹೊಲ ಇನ್ನೂ ಅವರ ಹೆಸರಿನಲ್ಲೇ ಇದೆ. ಬಂಧನದ ಕಾರಣಗಳ ಹಾಳೆ ನನ್ನ ಬಳಿ ಇದೆ, ಇಂಗ್ಲಿಷಿನಲ್ಲಿದೆ. ಹುಡುಗ ಓದಿದ್ದು ಒಂಬತ್ತನೆಯ ತರಗತಿ, ಕನ್ನಡ ಮಾಧ್ಯಮ. ಸಹಿ ಹಾಕು ಎಂದರಂತೆ, ಹಾಕಿದನಂತೆ. ಮೂರು ಓಟಿಪಿ ಹೇಳಿದ ಹಾಗೆಯೇ ಇದೂ.

ಯಾದಗಿರಿ ವಕೀಲೆ (ಮೂರನೆಯ ದಿನ, ರಾತ್ರಿ)

ಆ ಹಾಳೆಯನ್ನು ಜೋಪಾನವಾಗಿಡಿ. ಬಂಧನದ ಕಾರಣಗಳನ್ನು ಲಿಖಿತವಾಗಿ ಕೊಡಬೇಕೆಂದು 2025ರ ಜನವರಿಯಲ್ಲಿ ಮಂಡಳಿಯೇ ತನ್ನ ಸೂಚನೆಯನ್ನು ತಿದ್ದಿದೆ. 2025ರ ನವೆಂಬರ್ 6ರಂದು ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಯಾವುದೇ ಕಾಯ್ದೆಯಡಿಯ ಬಂಧನವಾದರೂ ಕಾರಣಗಳು ಲಿಖಿತವಾಗಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಎಂದಿದೆ. ನಿಮ್ಮ ಹುಡುಗನ ಬಂಧನ ಆ ತೀರ್ಪಿನ ನಂತರದ್ದು. ಇದೊಂದರ ಮೇಲೆಯೇ ಬಿಡುಗಡೆ ಖಚಿತ ಎಂದು ನಾನು ಹೇಳಲಾರೆ, ಆದರೆ ಅರ್ಜಿಯ ಮೊದಲ ಅಂಶವಾಗಿ ಇದು ಇರಲಿ.

ಬೀದರಿನ ನಿವೃತ್ತ (ನಾಲ್ಕನೆಯ ದಿನ, ಬೆಳಿಗ್ಗೆ)

ಕನ್ನಡದಲ್ಲಿ ಕಾರಣ ಕೊಡದಿದ್ದದ್ದು ತಪ್ಪು. ಕನ್ನಡ ನಾಡಿನಲ್ಲಿ ಇದನ್ನು ನ್ಯಾಯಾಲಯ ಹೇಳಿಕೊಡಬೇಕಾಗಿ ಬಂದದ್ದೇ ವಿಷಾದದ ಸಂಗತಿ.

ಆದರೆ ಒಂದು ಎಚ್ಚರಿಕೆಯ ಮಾತು. ಹುಡುಗ ಬಲಿಪಶು ಎಂಬುದೇ ನಿಮ್ಮ ವಾದವಾದರೆ ಅವನು ತನಿಖೆಯಲ್ಲಿ ಪೂರ್ತಿ ಬಾಯಿ ಬಿಡಬೇಕು. ಆಧಾರ್ ಪಡೆದವನ ಹೆಸರು, ಭೇಟಿಯಾದ ಜಾಗ, ಹದಿನೈದು ಸಾವಿರ ಯಾವ ಖಾತೆಯಿಂದ ಬಂತು ಅಥವಾ ನಗದಾಗಿ ಬಂತೇ, ಓಟಿಪಿ ಕೇಳಿದ ಕರೆ ಬಂದ ಸಂಖ್ಯೆ ಇವನ್ನೆಲ್ಲ ಲಿಖಿತವಾಗಿ ಕೊಡಲಿ. ನನ್ನ ಅನುಭವದಲ್ಲಿ ಇಂಥ ಹುಡುಗರು ಪರಿಚಯದವನನ್ನು ಕಾಪಾಡಲು ಹೋಗಿ ಸುಮ್ಮನಿರುತ್ತಾರೆ, ಆಗ ಇಲಾಖೆ ಸಹಕರಿಸುತ್ತಿಲ್ಲ ಎಂದು ಬರೆಯುತ್ತದೆ, ಆ ಒಂದು ಸಾಲಿನ ಮೇಲೆ ಜಾಮೀನು ಬಿದ್ದುಹೋಗುತ್ತದೆ. ನೋಂದಣಿ ತನ್ನದಲ್ಲವೆಂದು ಪೊಲೀಸರಿಗೆ ಬೇರೆ ದೂರು ಕೊಡುವ ಮೊದಲು ಮಾತ್ರ ವಕೀಲರನ್ನು ಕೇಳಿ. ಅಲ್ಲಿ ನಕಲಿ ದಾಖಲೆಯ ಕಲಮುಗಳು ಸೇರಿದರೆ ಹಣ ಅಕ್ರಮ ವರ್ಗಾವಣೆಯ ತನಿಖೆ ಮಾಡುವ ಜಾರಿ ನಿರ್ದೇಶನಾಲಯಕ್ಕೂ ದಾರಿ ತೆರೆಯಬಹುದು.

ಶಹಾಬಾದ್ ಕಲ್ಲು (ನಾಲ್ಕನೆಯ ದಿನ, ಮಧ್ಯಾಹ್ನ)

ಅರವತ್ತು ದಿನ ತುಂಬಿದರೆ ತಾನಾಗಿಯೇ ಬಿಡುತ್ತಾರೆ ಎಂದು ಕೇಳಿದ್ದೇನೆ. ನಿಜವೇ?

ಕರಿಕೋಟು (ನಾಲ್ಕನೆಯ ದಿನ, ಸಂಜೆ)

ತಾನಾಗಿಯೇ ಬಿಡುವುದಿಲ್ಲ, ಕೇಳಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಮಿನಂತೆ, ಗರಿಷ್ಠ 5 ವರ್ಷ ಶಿಕ್ಷೆಯ ಈ ಅಪರಾಧದಲ್ಲಿ 60 ದಿನದೊಳಗೆ ಇಲಾಖೆ ನ್ಯಾಯಾಲಯಕ್ಕೆ ದೂರು ಸಲ್ಲಿಸದಿದ್ದರೆ ಜಾಮೀನು ಆರೋಪಿಯ ಹಕ್ಕಾಗುತ್ತದೆ. ಅವಧಿ ಮುಗಿದ ಮೇಲೆ, ಇಲಾಖೆ ದೂರು ಸಲ್ಲಿಸುವ ಮೊದಲೇ ಅರ್ಜಿ ಹಾಕಿದರೆ, ಆಮೇಲೆ ಅವರು ದೂರು ಸಲ್ಲಿಸಿದರೂ ಹಕ್ಕು ಉಳಿಯುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಒಂದು ದಿನ ತಡಮಾಡಿದರೆ ಹಕ್ಕು ಕೈಬಿಡಬಹುದು. ಇಲಾಖೆಯವರೂ ದಿನ ಎಣಿಸುತ್ತಿರುತ್ತಾರೆ ಎಂಬುದು ನೆನಪಿರಲಿ. ಬಂಧಿತ ಇನ್ನೂ ಒಳಗಿರುವ ಪ್ರಕರಣಗಳಲ್ಲಿ 60 ದಿನದೊಳಗೆ ದೂರು ಸಲ್ಲಿಸಲು ಪ್ರಯತ್ನಿಸಬೇಕೆಂದು ಅವರ ಸೂಚನೆಯೇ ಹೇಳುತ್ತದೆ.

ಲೆಕ್ಕಿಗರಿಗೆ ಇನ್ನೊಂದು ಮಾತು. ನಮ್ಮ ಪೀಠದ ವ್ಯಾಪ್ತಿ ಕಲಬುರಗಿ, ಬೀದರ, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳದ್ದು. ಪ್ರಕರಣ ಬೆಂಗಳೂರಿನ ನ್ಯಾಯಾಲಯದ್ದಾದ್ದರಿಂದ ಸೆಷನ್ಸ್ ಅರ್ಜಿಯೂ ಅಲ್ಲಿಯೇ, ಹೈಕೋರ್ಟಿನ ಅರ್ಜಿಯೂ ಅಲ್ಲಿಯ ಪ್ರಧಾನ ಪೀಠದಲ್ಲಿಯೇ. ನಮ್ಮ ಜನಕ್ಕೆ ದೂರವಾಗುತ್ತದೆಂದು ಹೋರಾಡಿ 2008ರಲ್ಲಿ ಸಂಚಾರಿ ಪೀಠ, 2013ರಲ್ಲಿ ಕಾಯಂ ಪೀಠ ಪಡೆದೆವು. ಬೆಂಗಳೂರಿನಲ್ಲಿ ದಾಖಲಾದ ಪ್ರಕರಣಕ್ಕೆ ಅದು ಪ್ರಯೋಜನಕ್ಕೆ ಬಾರದು.

ಕಪನೂರಿನ ಲೆಕ್ಕಿಗ (ಇಪ್ಪತ್ತಾರನೆಯ ದಿನ)

ತಡವಾಗಿ ಬರೆಯುತ್ತಿದ್ದೇನೆ, ಮನ್ನಿಸಿ. ಸೆಷನ್ಸ್ ನ್ಯಾಯಾಲಯದಲ್ಲಿ ಹದಿನೈದನೆಯ ದಿನ ಜಾಮೀನು ಆಯಿತು. ನಿವೃತ್ತ ಸಾಹೇಬರು ಹೇಳಿದಂತೆ ಹುಡುಗ ಜೈಲಿನಿಂದಲೇ ಎಲ್ಲವನ್ನೂ ಬರೆದುಕೊಟ್ಟಿದ್ದ. ಆಧಾರ್ ಪಡೆದವನ ಹೆಸರನ್ನೂ ಕೊಟ್ಟ, ಅದಕ್ಕಾಗಿ ಹಳ್ಳಿಯಲ್ಲಿ ಒಂದು ಮನೆಯವರು ಈಗ ನಮ್ಮೊಂದಿಗೆ ಮಾತಾಡುವುದಿಲ್ಲ. ಬಂಧನದ ಕಾರಣಗಳ ಭಾಷೆಯ ವಿಷಯವನ್ನು ನ್ಯಾಯಾಲಯ ದಾಖಲಿಸಿಕೊಂಡಿತು, ಆದರೆ ಜಾಮೀನು ಕೊಟ್ಟದ್ದು ಶಿಕ್ಷೆಯ ಪ್ರಮಾಣ, ಮೊಬೈಲು ವಶದಲ್ಲಿರುವುದು ಮತ್ತು ಅವನ ಪಾತ್ರ ಇವುಗಳ ಆಧಾರದ ಮೇಲೆ. ಇಬ್ಬರು ಜಾಮೀನುದಾರರಲ್ಲಿ ಒಬ್ಬನಾಗಿ ನಾನು ನಿಂತೆ. ಎರಡನೆಯವರು ಯಾರೆಂದು ಹೇಳಿದರೆ ನೀವು ನಂಬಲಾರಿರಿ. ಗಂಜಿನ ಸಾಹುಕಾರರು ನನಗೆ ಖಾಸಗಿಯಾಗಿ ಸಂದೇಶ ಕಳಿಸಿ, ತಮ್ಮ ಸ್ವಂತ ಹೆಸರಿನ ಪಹಣಿ ಹಿಡಿದುಕೊಂಡು ರಾತ್ರಿ ರೈಲಿಗೆ ನನ್ನೊಂದಿಗೆ ಬಂದರು.

ಅಷ್ಟಾದರೂ ಪರಿಶೀಲನೆ ಮುಗಿದು ಹುಡುಗ ಹೊರಬರಲು ಒಂಬತ್ತು ದಿನ ಹಿಡಿಯಿತು.

ಗಂಜಿನ ಕಬ್ಬಿಣದಂಗಡಿ (ಇಪ್ಪತ್ತಾರನೆಯ ದಿನ)

ಮುನೀಮರೇ, ಇದನ್ನು ಇಲ್ಲಿ ಬರೆಯಬೇಡಿರೆಂದು ಹೇಳಿದ್ದೆ. ನನ್ನ ಅಭಿಪ್ರಾಯವೇನೂ ಬದಲಾಗಿಲ್ಲ, ತಪ್ಪು ಮಾಡಿದ್ದರೆ ಶಿಕ್ಷೆ ಆಗಲೇಬೇಕು. ಹುಡುಗ ತಾರೀಖಿಗೆ ತಪ್ಪಿಸಿದರೆ ಮುಚ್ಚಳಿಕೆಯ ಹಣ ನನ್ನದು ಹೋಗುತ್ತದೆ, ಅದನ್ನು ಅವನಿಗೆ ಚೆನ್ನಾಗಿ ತಿಳಿಸಿ.

ಕಪನೂರಿನ ಲೆಕ್ಕಿಗ (ಇಪ್ಪತ್ತಾರನೆಯ ದಿನ)

ತಿಳಿಸಿದ್ದೇನೆ. ಈಗ ಹೊಸ ತೊಂದರೆ. ಪ್ರತಿ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಬೆಂಗಳೂರಿನ ತನಿಖಾ ಕಚೇರಿಯಲ್ಲಿ ಹಾಜರಿ ಹಾಕಬೇಕೆಂಬ ಷರತ್ತಿದೆ. ಭಾನುವಾರ ರೈಲು ಹತ್ತಿದರೆ ಮಂಗಳವಾರ ಬೆಳಿಗ್ಗೆ ಕಲಬುರಗಿ. ವಾರದಲ್ಲಿ ಮೂರು ದಿನ ಆಟೋ ನಿಂತಿರುತ್ತದೆ, ಕಂತು ನಿಲ್ಲುವುದಿಲ್ಲ. ಇದನ್ನು ಕಲಬುರಗಿಯ ಯಾವುದಾದರೂ ಕಚೇರಿಗೆ ಬದಲಾಯಿಸಲು ಹೈಕೋರ್ಟಿಗೇ ಹೋಗಬೇಕೆ?

ಯಾದಗಿರಿ ವಕೀಲೆ (ಇಪ್ಪತ್ತೇಳನೆಯ ದಿನ)

ಬೇಡ, ಷರತ್ತು ಹಾಕಿದ ನ್ಯಾಯಾಲಯದಲ್ಲೇ ಮಾರ್ಪಾಡಿಗೆ ಅರ್ಜಿ ಹಾಕಬಹುದು. ಮೊದಲ ನಾಲ್ಕೈದು ಸೋಮವಾರ ಒಂದೂ ತಪ್ಪದಂತೆ ಹೋಗಿ ಬರಲಿ, ಹಾಜರಿಯ ಸಹಿಯ ನಕಲನ್ನು ಪ್ರತಿ ಸಲ ಕೇಳಿ ಪಡೆಯಲಿ. ಅರ್ಜಿಯ ಜೊತೆ ಆಟೋ ಸಾಲದ ಕಂತಿನ ಪಟ್ಟಿ ಲಗತ್ತಿಸಿ. ರೈಲಿನ ಟಿಕೆಟ್ಟುಗಳನ್ನೂ ಎಸೆಯದೆ ಇಟ್ಟುಕೊಳ್ಳಿ, ಅವೂ ಬೇಕಾಗುತ್ತವೆ.